ಕೀಲಿಕೈಯೊಂದೇ ಕಾವಲಲ್ಲ
ಟ್ರ್ಯಾಕ್ಟರು, ಮೋಟಾರು ಸೈಕಲ್ಲು, ಕಾರು ಇಟ್ಟುಕೊಂಡ ರೈತರು ತಿಳಿದಿರಬೇಕಾದ ಸಂಗತಿಗಳು

ಎತ್ತಿಗೆ ತನ್ನ ಒಡೆಯನ ಗುರುತು ಇರುತ್ತದೆ. ಹೊಸಬನೊಬ್ಬ ನಡುರಾತ್ರಿ ಬಂದು ಹಗ್ಗ ಬಿಚ್ಚಿದರೆ ಅದು ಬುಸುಗುಟ್ಟುತ್ತದೆ, ಕಾಲೂರಿ ನಿಲ್ಲುತ್ತದೆ, ಕೊರಳ ಗೆಜ್ಜೆಯ ಸಪ್ಪಳಕ್ಕೆ ಮನೆಯವರು ಏಳುತ್ತಾರೆ. ಕದ್ದವನ ಕೈತಪ್ಪಿಸಿಕೊಂಡು ಹತ್ತು ಹರದಾರಿ ದೂರದಿಂದ ತಿರುಗಿ ತನ್ನ ಕೊಟ್ಟಿಗೆಗೇ ಬಂದ ಎತ್ತುಗಳ ಮಾತು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ. ಟ್ರ್ಯಾಕ್ಟರಿಗೆ ಈ ಗುರುತು ತಿಳಿಯದು. ಕೀಲಿಕೈ ತಿರುವಿದವನೇ ಅದಕ್ಕೆ ಒಡೆಯ.

ಆದುದರಿಂದ ಯಂತ್ರದ ಬೇಸಾಯಕ್ಕೆ ಇಳಿದ ರೈತನು ತನ್ನ ಗಾಡಿಯ ಕೀಲಿಕೈ ಎಷ್ಟು ಗಟ್ಟಿ, ಎಲ್ಲಿ ಸಡಿಲು ಎಂಬುದನ್ನು ತಿಳಿದಿರುವುದು ಬೀಜ, ಗೊಬ್ಬರಗಳ ಗುಣ ತಿಳಿದಿರುವಷ್ಟೇ ಅವಶ್ಯ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಹಳ್ಳಿಗಳಲ್ಲಿ ಟ್ರ್ಯಾಕ್ಟರು ಬರುವುದು ಸಾಮಾನ್ಯವಾಗಿ ಸಾಲದ ಮೇಲೆ. ಕಬ್ಬಿನ ಹಂಗಾಮಿನಲ್ಲಿ ಕಾರಖಾನೆಗೆ ಕಬ್ಬು ಸಾಗಿಸಿ, ಮಳೆಗಾಲದ ಮುಂಚೆ ಊರವರ ಹೊಲ ಹರಗಿ, ಆ ದುಡಿಮೆಯಿಂದ ಕಂತು ಕಟ್ಟಬೇಕು. ಕಳ್ಳನು ಗಾಡಿಯನ್ನು ಒಯ್ಯುತ್ತಾನೆ, ಕಂತನ್ನು ಒಯ್ಯುವುದಿಲ್ಲ. ಅದರ ಮೇಲೆ ನಾವಿರುವುದು ಗಡಿಯಲ್ಲಿ. ಅಕ್ಕಲಕೋಟೆಯಿಂದ ಆಳಂದ, ಅಫಜಲಪುರದ ದಾರಿ ಹಿಡಿದರೆ ಕಲಬುರಗಿ ಜಿಲ್ಲೆ. ಜತ್ತದಿಂದ ಮೂಡಲಿಗೆ ಹೊರಟರೆ ವಿಜಯಪುರ ಜಿಲ್ಲೆ. ನಡುರಾತ್ರಿ ಹೋದ ಗಾಡಿ ಬೆಳಗಾಗುವುದರೊಳಗೆ ಬೇರೆ ರಾಜ್ಯದಲ್ಲಿರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು? ಮೊದಲೇ ಮಾಡತಕ್ಕ ಕೆಲಸಗಳು ಯಾವುವು, ಹೋದ ಮೇಲೆ ಕೂಡಲೇ ಮಾಡತಕ್ಕವು ಯಾವುವು ಎಂಬುದನ್ನು ನಾವು ಇಲ್ಲಿ ವಿವರಿಸುತ್ತೇವೆ.

ಕೀಲಿಯ ಒಳಗಿನ ಮರ್ಮ

ಗಾಡಿಯ ಕೀಲಿಯು ಒಂದು ಲೋಹದ ಉರುಳೆ. ಅದರೊಳಗೆ ಸಣ್ಣ ಸ್ಪ್ರಿಂಗುಗಳ ಮೇಲೆ ತೆಳುವಾದ ಕೆಲವು ತಗಡಿನ ಬಿಲ್ಲೆಗಳು ಸಾಲಾಗಿ ಕುಳಿತಿರುತ್ತವೆ. ಅವು ಉರುಳೆಯಿಂದ ಹೊರಗೆ ಚಾಚಿಕೊಂಡಿರುವ ತನಕ ಅದು ತಿರುಗದು. ತಕ್ಕ ಕೀಲಿಕೈ ಒಳಗೆ ಹೋದಾಗ ಅದರ ಹಲ್ಲುಗಳು ಪ್ರತಿಯೊಂದು ಬಿಲ್ಲೆಯನ್ನೂ ಬೇಕಾದಷ್ಟೇ ಸರಿಸಿ ಉರುಳೆಯ ಮಟ್ಟಕ್ಕೆ ತರುತ್ತವೆ. ಆಗ ಉರುಳೆ ತಿರುಗುತ್ತದೆ. ಇಷ್ಟೇ ಇದರ ಮರ್ಮ.

ಇದರಲ್ಲಿ ಎರಡು ಕೊರತೆಗಳಿವೆ. ಬಿಲ್ಲೆಗಳ ಸಂಖ್ಯೆಗೂ ಹಲ್ಲಿನ ಎತ್ತರಗಳಿಗೂ ಮಿತಿ ಇರುವುದರಿಂದ ಕೀಲಿಕೈಗಳ ಮಾದರಿಗಳಿಗೂ ಮಿತಿ ಇದೆ. ಸಾವಿರಾರು ಗಾಡಿಗಳಲ್ಲಿ ಒಂದರ ಕೀಲಿಕೈ ಇನ್ನೊಂದಕ್ಕೆ ಹತ್ತುವುದು ಆಶ್ಚರ್ಯವಲ್ಲ. ಎರಡನೆಯದಾಗಿ, ಧೂಳು ಮಣ್ಣಿನಲ್ಲಿ ವರ್ಷಗಟ್ಟಲೆ ತಿರುವಿದ ಕೀಲಿ ಸವೆಯುತ್ತದೆ. ಸವೆದ ಕೀಲಿಗೆ ತಕ್ಕ ಹಲ್ಲೇ ಬೇಕೆಂದಿಲ್ಲ. ಕೀಲಿಕೈ ತಿರುವಿದ ಸ್ಥಿತಿಯಲ್ಲಿಯೇ ಕಿತ್ತು ಬರುತ್ತಿದ್ದರೆ, ಅಥವಾ ಮನೆಯ ಬೇರೆ ಕೀಲಿಕೈಗೂ ತಿರುಗುತ್ತಿದ್ದರೆ, ಆ ಕೀಲಿಯ ಆಯುಷ್ಯ ಮುಗಿಯಿತೆಂದು ತಿಳಿದು ಹೊಸದನ್ನು ಹಾಕಿಸತಕ್ಕದ್ದು.

ಇನ್ನೊಂದು ವಿಷಯವನ್ನು ಹೆಚ್ಚಿನವರು ಯೋಚಿಸಿರುವುದಿಲ್ಲ. ಕೀಲಿಕೈಯ ನಕಲು ಮಾಡಲು ಅದನ್ನು ಕೈಗೆ ತೆಗೆದುಕೊಳ್ಳಲೇಬೇಕೆಂದಿಲ್ಲ. ಅದರ ಹಲ್ಲಿನ ಅಳತೆ ಕಣ್ಣಿಗೆ ಬಿದ್ದರೆ ಸಾಕು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯ ಸಂಶೋಧಕರು 2008ರಲ್ಲಿ ಮಾಳಿಗೆಯ ಮೇಲಿಂದ, 195 ಅಡಿ ದೂರದಲ್ಲಿ ಮೇಜಿನ ಮೇಲಿದ್ದ ಕೀಲಿಕೈಗಳ ಫೋಟೋ ತೆಗೆದು, ಆ ಚಿತ್ರದಿಂದಲೇ ಹಲ್ಲುಗಳ ಲೆಕ್ಕ ಹಾಕಿ ತೋರಿಸಿದರು. ಹೊಸ ಗಾಡಿಯ ಪೂಜೆಯ ದಿನ ಕೀಲಿಕೈ ಎತ್ತಿ ಹಿಡಿದು ಫೋಟೋ ತೆಗೆಸಿ ಹತ್ತು ಕಡೆ ಕಳಿಸುವ ರೂಢಿ ಈಗ ಬಂದಿದೆ. ಸಂತೋಷಕ್ಕೆ ನಮ್ಮ ಅಡ್ಡಿಯಿಲ್ಲ. ಕೀಲಿಕೈಯ ಹಲ್ಲು ಮುಷ್ಟಿಯೊಳಗಿರಲಿ. ಹೊಸ ಗಾಡಿಯ ಕೀಲಿಕೈಗಳ ಜೊತೆಗೆ ಅಂಕಿ ಒತ್ತಿದ ಸಣ್ಣ ತಗಡು ಬಂದಿದ್ದರೆ ಅದನ್ನು ಗೊಂಚಲಿನಲ್ಲಿಯೇ ಬಿಡಬೇಡಿರಿ. ಆ ಅಂಕಿಯಿಂದ ಹೊಸ ಕೀಲಿಕೈ ಕಡೆಸಬಹುದು. ಅದರ ಸ್ಥಾನ ಮನೆಯ ಪೆಟ್ಟಿಗೆ.

ಟ್ರ್ಯಾಕ್ಟರು: ಎಲ್ಲಕ್ಕಿಂತ ದುರ್ಬಲ ಕೀಲಿಕೈ

ಮನೆಯಲ್ಲಿ ಬೆಲೆಬಾಳುವ ಯಂತ್ರ ಟ್ರ್ಯಾಕ್ಟರು. ಅದರ ಕೀಲಿಕೈಯೇ ಎಲ್ಲಕ್ಕಿಂತ ದುರ್ಬಲ. ಹೊಲದ ಯಂತ್ರಗಳಿಗೂ ಮಣ್ಣು ಅಗೆಯುವ ಯಂತ್ರಗಳಿಗೂ ಒಂದೇ ಮಾದರಿಯ ಕೀಲಿಕೈ ಹಾಕುವ ರೂಢಿ ಅನೇಕ ದೇಶಗಳಲ್ಲಿ ನಡೆದುಬಂದಿದೆ. ಒಬ್ಬ ಮಾಲಿಕನ ಹತ್ತು ಯಂತ್ರಗಳನ್ನು ಹತ್ತು ಚಾಲಕರು ನಡೆಸುವಾಗ ಇದು ಅನುಕೂಲ. ಆ ಅನುಕೂಲವೇ ಕಳ್ಳನಿಗೂ ಸಿಕ್ಕಿತು. ನಮ್ಮಲ್ಲಿಯೂ ಪಕ್ಕದ ಹೊಲದವರ ಕೀಲಿಕೈ ತಂದು ತಮ್ಮ ಟ್ರ್ಯಾಕ್ಟರು ಹೊರಡಿಸಿದ ರೈತರು ಇದ್ದೇ ಇದ್ದಾರೆ. ನಕ್ಕು ಬಿಟ್ಟುಬಿಡುವ ಸಂಗತಿಯಲ್ಲ ಇದು. ಬ್ರಿಟನ್ನಿನಲ್ಲಿ ಇಂಥ ಕಳವು ಎಷ್ಟು ಬೆಳೆಯಿತೆಂದರೆ, ಹೊಲದ ಕೆಲವು ಬಗೆಯ ಹೊಸ ಯಂತ್ರಗಳನ್ನು ಎಂಜಿನ್ ತಡೆಯುವ ಸಾಧನ ಮತ್ತು ಅಳಿಸಲಾಗದ ಗುರುತು ಹಾಕಿಯೇ ಮಾರಬೇಕೆಂದು ನಿಯಮ ಮಾಡುವ ಅಧಿಕಾರವನ್ನು ಅಲ್ಲಿಯ ಪಾರ್ಲಿಮೆಂಟು 2023ರ ಕಾಯಿದೆಯ ಮೂಲಕ ಸರಕಾರಕ್ಕೆ ಕೊಟ್ಟಿತು.

ಇದಲ್ಲದೆ ಹಳೆಯ ಡೀಸೆಲ್ ಎಂಜಿನ್ನಿನ ಸ್ವಭಾವವನ್ನೂ ಗಮನಿಸಬೇಕು. ಅದರಲ್ಲಿ ಎಣ್ಣೆ ಹೊತ್ತಿಕೊಳ್ಳಲು ವಿದ್ಯುತ್ತಿನ ಕಿಡಿ ಬೇಕಿಲ್ಲ. ಒತ್ತಿದ ಗಾಳಿಯ ಕಾವೇ ಸಾಕು. ಕೀಲಿಕೈಯ ಕೆಲಸವೆಂದರೆ ಬ್ಯಾಟರಿಯ ವಿದ್ಯುತ್ತನ್ನು ಮುಂದೆ ಬಿಟ್ಟು ಸ್ಟಾರ್ಟರನ್ನು ತಿರುಗಿಸುವುದು. ಎಣ್ಣೆ ತಡೆಯುವ ಗುಂಡಿ ಬೇರೆಯೇ ಇರುವ ಹಳೆಯ ಟ್ರ್ಯಾಕ್ಟರು ಒಮ್ಮೆ ಹೊರಟಿತೆಂದರೆ ಕೀಲಿಕೈ ಕಿತ್ತರೂ ನಿಲ್ಲದು. ಆ ಗುಂಡಿಯನ್ನು ಎಳೆದರೆ ಮಾತ್ರ ನಿಲ್ಲುತ್ತದೆ. ಬ್ಯಾಟರಿ ಸತ್ತ ದಿನ ಇಳಿಜಾರಿನಲ್ಲಿ ದೂಡಿ ಹೊರಡಿಸಿದವರಿಗೆ ಇದನ್ನು ಬೇರೆ ಹೇಳಬೇಕಾದುದಿಲ್ಲ. 50 ಅಶ್ವಶಕ್ತಿಗೆ ಮಿಕ್ಕ ಟ್ರ್ಯಾಕ್ಟರುಗಳಿಗೆ ನಮ್ಮ ದೇಶದಲ್ಲಿ 2023ರ ಜನವರಿಯಿಂದ ಹೊಗೆಯ ಹೊಸ ನಿಯಮ ಬಂದಿದೆ. ಅದಕ್ಕೆ ತಕ್ಕಂತೆ ಬಂದ, ವಿದ್ಯುತ್ತಿನ ನಿಯಂತ್ರಣದಲ್ಲಿ ಎಣ್ಣೆ ಚಿಮ್ಮಿಸುವ ಎಂಜಿನ್ನುಗಳು ಮಾತ್ರ ವಿದ್ಯುತ್ತು ಕಡಿದರೆ ನಿಲ್ಲುತ್ತವೆ.

ಹೀಗಿರಲಾಗಿ ಟ್ರ್ಯಾಕ್ಟರಿನ ಒಡೆಯನು ಕೀಲಿಕೈಯನ್ನು ನಂಬಿ ಮಲಗತಕ್ಕದ್ದಲ್ಲ. ಹೆಚ್ಚು ಖರ್ಚಿಲ್ಲದ ಕೆಲವು ಉಪಾಯಗಳನ್ನು ಕೆಳಗೆ ಕೊಟ್ಟಿದೆ.

ಮೊದಲನೆಯದು ಬ್ಯಾಟರಿಯ ಕಟ್-ಆಫ್ ಸ್ವಿಚ್ಚು. ಬ್ಯಾಟರಿಯ ದಪ್ಪ ತಂತಿಯ ನಡುವೆ ಇದನ್ನು ಕೂರಿಸುತ್ತಾರೆ. ಹಿಡಿ ಕಿತ್ತು ಜೇಬಿಗೆ ಹಾಕಿಕೊಳ್ಳುವಂಥ ಮಾದರಿಯನ್ನು ಆರಿಸಿಕೊಂಡು, ಹೊರಗಿನ ಕಣ್ಣಿಗೆ ಬೀಳದ ಜಾಗದಲ್ಲಿ ಬಲ್ಲ ಮಿಸ್ತ್ರಿಯಿಂದ ಹಾಕಿಸಿರಿ. ಹಿಡಿ ಕಿತ್ತಿದ್ದರೆ ಸ್ಟಾರ್ಟರಿಗೆ ವಿದ್ಯುತ್ತು ಹೋಗದು.

ಎರಡನೆಯದು ಡೀಸೆಲ್ ಟಾಕಿಯ ಕೆಳಗಿನ ನಲ್ಲಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ರಾತ್ರಿ ಇದನ್ನು ಮುಚ್ಚಿದರೆ, ಕಳ್ಳನು ದೂಡಿ ಹೊರಡಿಸಿದರೂ ನಳಿಗೆಯಲ್ಲಿ ಉಳಿದ ಎಣ್ಣೆ ತೀರಿದೊಡನೆ ಎಂಜಿನ್ನು ನಿಂತುಬಿಡುತ್ತದೆ. ಆದರೆ ಬೆಳಿಗ್ಗೆ ನಲ್ಲಿ ತೆರೆದೇ ಎಂಜಿನ್ನು ಹೊರಡಿಸಬೇಕು. ಮರೆತು ಹೊರಡಿಸಿದರೆ ಪಂಪಿನೊಳಗೆ ಗಾಳಿ ಸೇರಿ, ಗಾಳಿ ತೆಗೆಯುವ ಕೆಲಸಕ್ಕೆ ಮುಂಜಾವು ಹಾಳಾಗುತ್ತದೆ. ಚಾಲಕನಿಗೂ ಇದನ್ನು ತಿಳಿಸಿರಿ.

ಮೂರನೆಯದು ಸರಪಳಿ. ಎತ್ತಿನ ಸರಪಳಿ ಸಾಲದು. ಗಟ್ಟಿ ಉಕ್ಕಿನ ದಪ್ಪ ಕೊಂಡಿಗಳದ್ದೇ ಬೇಕು. ಮುಂದಿನ ಗಾಲಿಯ ರಿಮ್ಮಿನೊಳಗಿನಿಂದ ಅಚ್ಚಿಗೆ, ಅಥವಾ ಸ್ಟೀರಿಂಗಿನಿಂದ ಕ್ಲಚ್ಚಿನ ತುಳಿಗೆಗೆ ಬಿಗಿದು ಕೀಲಿ ಹಾಕಿರಿ. ಸರಪಳಿಯೂ ಕೀಲಿಯೂ ನೆಲಕ್ಕೆ ತಾಗದಂತೆ ಮೇಲಿರಲಿ. ನೆಲದ ಮೇಲೆ ಬಿದ್ದ ಕೀಲಿಗೆ ಭೂಮಿಯೇ ಅಡಿಗಲ್ಲಾಗಿ, ಸುತ್ತಿಗೆಯ ಏಟು ಪೂರ್ತಿ ಹತ್ತುತ್ತದೆ. ನೇತಾಡುವ ಕೀಲಿಗೆ ಏಟು ಅಷ್ಟು ಹತ್ತದು.

ನಾಲ್ಕನೆಯದು ಟ್ರೇಲರಿನ ಕಾವಲು. ಟ್ರೇಲರಿಗೆ ಎಂಜಿನ್ನೂ ಇಲ್ಲ, ಕೀಲಿಕೈಯೂ ಇಲ್ಲ. ಯಾರ ಟ್ರ್ಯಾಕ್ಟರಾದರೂ ಬಂದು ಕೊಕ್ಕೆಗೆ ಸಿಕ್ಕಿಸಿಕೊಂಡು ಹೋಗಬಹುದು. ಕೊಕ್ಕೆಯ ಬಳೆಯೊಳಗೆ ಬೀಗವಿರುವ ಗೂಟ ಹಾಕಿ, ಒಂದು ಗಾಲಿಗೆ ಸರಪಳಿ ಬಿಗಿಯಿರಿ. ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು, ಊರು ಬರೆಸುವುದು ಒಳ್ಳೆಯ ಪದ್ಧತಿ. ಅದರ ಜೊತೆಗೆ ತಳದ ಕಬ್ಬಿಣದ ಮೇಲೆ, ಬಣ್ಣ ಬಳಿದರೂ ಅಳಿಯದಂತೆ, ನಿಮಗೆ ಮಾತ್ರ ಗೊತ್ತಿರುವ ಎರಡು ಜಾಗಗಳಲ್ಲಿ ಒಂದು ಗುರುತು ಕೊರೆಸಿಡಿರಿ. ಮುಂದೆ ಇದು ನಿಮ್ಮದೇ ಎಂದು ಸಾಧಿಸಲು ಅದು ನೆರವಾದೀತು.

ಐದನೆಯದು ಜಿ.ಪಿ.ಎಸ್. ಎಂಬ ಸಣ್ಣ ಪೆಟ್ಟಿಗೆ. ಆಕಾಶದ ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗವನ್ನು ಲೆಕ್ಕ ಹಾಕಿ, ಒಳಗಿರುವ ಮೊಬೈಲು ಸಿಮ್ಮಿನ ಮೂಲಕ ನಿಮ್ಮ ಫೋನಿಗೆ ತಿಳಿಸುತ್ತದೆ. ಗಡಿಯ ಊರಿನವರಿಗೆ ಇದರ ಉಪಯೋಗ ಹೆಚ್ಚು. ಆದರೆ ಸಿಮ್ಮಿನ ರೀಚಾರ್ಜು ಮುಗಿದರೆ ಅದು ಮೂಕ. ಬ್ಯಾಟರಿಯ ತಂತಿ ಕಡಿದರೂ ಕೆಲಹೊತ್ತು ನಡೆಯಲು ತನ್ನದೇ ಸಣ್ಣ ಬ್ಯಾಟರಿ ಇರುವ ಮಾದರಿಯನ್ನು ಕೊಳ್ಳಿರಿ. ಗಾಡಿ ಎಲ್ಲಿದೆಯೆಂದು ತಿಳಿದ ಮಾತ್ರಕ್ಕೆ ನಾಲ್ಕು ಹುಡುಗರನ್ನು ಕಟ್ಟಿಕೊಂಡು ಬೆನ್ನಟ್ಟುವುದು ಬೇಡ. ಆ ಸುದ್ದಿಯನ್ನು ಪೋಲೀಸರಿಗೆ ಕೊಡಿರಿ.

ಮೋಟಾರು ಸೈಕಲ್ಲು

ಮೋಟಾರು ಸೈಕಲ್ಲನ್ನು ಹೊರಡಿಸಲು ಆಗದಿದ್ದರೂ ಇಬ್ಬರು ಎತ್ತಿ ಟೆಂಪೋದಲ್ಲಿ ಹಾಕಬಹುದು. ಹ್ಯಾಂಡಲಿನ ಕೀಲಿಯೊಂದೇ ಇದಕ್ಕೆ ಸಾಲದೆಂಬುದು ಸ್ಪಷ್ಟ. ಸೊಲ್ಲಾಪುರದ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಯಾಗಲಿ, ವಾರದ ಸಂತೆಯಾಗಲಿ, ಜನ ಸೇರುವಲ್ಲಿ ಗಾಡಿ ನಿಲ್ಲಿಸುವಾಗ ಹ್ಯಾಂಡಲಿನ ಕೀಲಿ ಹಾಕುವುದರೊಡನೆ ಸರಪಳಿಯನ್ನು ಗಾಲಿಯಿಂದ ಕಂಬಕ್ಕೋ ಜೊತೆಯವರ ಗಾಡಿಗೋ ಸುತ್ತಿ ಬಿಗಿಯಿರಿ. ಡಿಸ್ಕ್ ಬ್ರೇಕು ಇದ್ದವರಿಗೆ ಅದರ ತೂತಿಗೆ ಹಾಕುವ ಸಣ್ಣ ಕೀಲಿಯೂ ಸಿಗುತ್ತದೆ. ಅದನ್ನು ಹಾಕಿದ್ದು ಮರೆತು ಗಾಡಿ ಹೊರಡಿಸಿದರೆ ಬೀಳುವ ಭಯವಿದೆ. ಹ್ಯಾಂಡಲಿಗೆ ಒಂದು ಕೆಂಪು ಬಟ್ಟೆ ಕಟ್ಟುವ ಅಭ್ಯಾಸ ಇಟ್ಟುಕೊಳ್ಳಿರಿ.

ಅನೇಕ ಸ್ಕೂಟರುಗಳಲ್ಲಿ ಕೀಲಿಯ ತೂತಿಗೆ ಅಯಸ್ಕಾಂತದಿಂದ ತೆರೆಯುವ ಮುಚ್ಚಳ ಇದೆ. ಗಾಡಿ ನಿಲ್ಲಿಸಿದಾಗಲೆಲ್ಲ ಅದನ್ನು ಮುಚ್ಚಿದರೆ ಕಳ್ಳನ ಕಡ್ಡಿ ಒಳಗೆ ಹೋಗದು; ಧೂಳು ನೀರು ಹೋಗದೆ ಕೀಲಿ ಬಾಳುವುದೂ ಹೆಚ್ಚು. ಅಡ್ಡೆಯಲ್ಲಿ ಚಹ ಕುಡಿಯಲು ಇಳಿದವರು ಕೀಲಿಕೈ ಗಾಡಿಯಲ್ಲಿಯೇ ಬಿಡುವುದುಂಟು. ಆ ಎರಡು ನಿಮಿಷಗಳೇ ಕಳ್ಳನಿಗೆ ಸಾಕು.

ಕಾರಿನ ಕೀಲಿಕೈಯೊಳಗಿನ ಕಾವಲುಗಾರ

ಈಗಿನ ಬಹುತೇಕ ಕಾರುಗಳ ಕೀಲಿಕೈಯ ಪ್ಲಾಸ್ಟಿಕ್ ತಲೆಯಲ್ಲಿ ಜೋಳದ ಕಾಳಿನಷ್ಟು ಸಣ್ಣ ಒಂದು ಚಿಪ್ಪು ಇರುತ್ತದೆ. ಕೀಲಿಯ ಸುತ್ತ ಒಂದು ತಂತಿಯ ಸುರುಳಿ ಇದೆ. ಕೀಲಿಕೈ ಒಳಗೆ ಹೋದಾಗ ಆ ಸುರುಳಿಯೇ ಚಿಪ್ಪಿಗೆ ಶಕ್ತಿ ಕೊಟ್ಟು ಒಂದು ಅಂಕಿಯನ್ನು ಪ್ರಶ್ನೆಯಾಗಿ ಕಳಿಸುತ್ತದೆ. ಚಿಪ್ಪು ತನ್ನೊಳಗಿನ ಗುಟ್ಟಿನ ಅಂಕಿಯೊಡನೆ ಅದನ್ನು ಬೆರೆಸಿ ಉತ್ತರ ಕೊಡುತ್ತದೆ. ಉತ್ತರ ಸರಿಯಿದ್ದರೆ ಎಂಜಿನ್ನು ಹೊರಡುತ್ತದೆ. ತಪ್ಪಿದ್ದರೆ ಕೀಲಿಕೈ ತಿರುಗಿದರೂ ಎಂಜಿನ್ನು ಹೊರಡದು. ಪ್ರಶ್ನೆ ಪ್ರತಿ ಸಲವೂ ಬೇರೆ. ಆದುದರಿಂದ ಒಂದು ಸಲದ ಉತ್ತರವನ್ನು ಕದ್ದು ಕೇಳಿ ಫಲವಿಲ್ಲ. ಇದಕ್ಕೆ ಇಮ್ಮೊಬಿಲೈಸರ್ ಎಂದು ಹೆಸರು. ಎತ್ತು ಒಡೆಯನನ್ನು ಗುರುತಿಸುವಂತೆ ಯಂತ್ರವು ಗುರುತಿಸಲು ಕಲಿತದ್ದು ಇದರಿಂದ.

ಇದರ ಉಪಯೋಗ ಸಣ್ಣದಲ್ಲ. ಯುರೋಪಿನ ಒಕ್ಕೂಟದಲ್ಲೆಲ್ಲ 1998ರಿಂದ, ಆಸ್ಟ್ರೇಲಿಯದಲ್ಲಿ 2001ರಿಂದ, ಕೆನಡದಲ್ಲಿ 2007ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ನೆದರ್‌ಲ್ಯಾಂಡ್ಸ್ ದೇಶದಲ್ಲಿ 1995ರಿಂದ 2008ರ ವರೆಗೆ ಇದರಿಂದ ಕಾರುಗಳ ಕಳವು ಸರಾಸರಿ ಶೇಕಡಾ 40ರಷ್ಟು ಇಳಿಯಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ.

ಕಡ್ಡಾಯವಿಲ್ಲದ ಕಡೆ ಏನಾಯಿತೆಂಬುದಕ್ಕೆ ಅಮೆರಿಕವೇ ಸಾಕ್ಷಿ. ಅಲ್ಲಿ ಅಂಥ ಕಾನೂನು ಇರಲಿಲ್ಲ. 2015ರ ಮಾದರಿಗಳನ್ನು ನೋಡಿದರೆ ಉಳಿದ ಕಂಪನಿಗಳ ಮಾದರಿಗಳಲ್ಲಿ ನೂರಕ್ಕೆ 96ರಲ್ಲಿ ಈ ಸಾಧನ ಇತ್ತು; ಹ್ಯುಂಡೈ ಮತ್ತು ಕಿಯಾ ಮಾದರಿಗಳಲ್ಲಿ ನೂರಕ್ಕೆ 26ರಲ್ಲಿ ಮಾತ್ರ. ಈ ಕೊರತೆಯನ್ನು ಮಿಲ್ವಾಕಿ ಪಟ್ಟಣದ ಹುಡುಗರು ಕಂಡುಹಿಡಿದರು. 2021 ಮತ್ತು 2022ರಲ್ಲಿ ಚಲಚ್ಚಿತ್ರದ ತುಣುಕುಗಳ ಮೂಲಕ ಈ ವಿದ್ಯೆ ಊರೂರಿಗೆ ಹರಡಿತು. ಕೊನೆಗೆ 2023ರಲ್ಲಿ ಸುಮಾರು 83 ಲಕ್ಷ ಕಾರುಗಳಿಗೆ ಕಂಪ್ಯೂಟರಿನ ಹೊಸ ಕ್ರಮವಿಧಿ ತುಂಬಲು ಕಂಪನಿಗಳು ಮುಂದಾಗಬೇಕಾಯಿತು. ಅಷ್ಟರಲ್ಲಿ ಕಾರಿನವರಿಗೆ ಕೊಟ್ಟ ತಾತ್ಕಾಲಿಕ ರಕ್ಷಣೆ ಯಾವುದು ಗೊತ್ತೇ? ಸ್ಟೀರಿಂಗಿಗೆ ಅಡ್ಡ ಹಾಕುವ ಕಬ್ಬಿಣದ ದಂಡ. ಪೋಲೀಸರ ಮೂಲಕ ಅದನ್ನು ಪುಕ್ಕಟೆಯಾಗಿ ಹಂಚಿದರು. ನಮ್ಮ ಪೇಟೆಗಳಲ್ಲಿಯೂ ಸಿಗುವ ಸಾಮಾನು ಅದು.

ಚಿಪ್ಪಿನ ಗುಟ್ಟೂ ಅಭೇದ್ಯವಲ್ಲ. ಒಂದು ಕಾಲದಲ್ಲಿ ಲಕ್ಷಗಟ್ಟಲೆ ಕಾರುಗಳಿಗೆ ಹಾಕಿದ್ದ ಒಂದು ಚಿಪ್ಪಿನ ಗುಟ್ಟಿನ ಅಂಕಿಗೆ ಒಂದು ಲಕ್ಷ ಕೋಟಿಗೂ ಮಿಕ್ಕಿ ಸಾಧ್ಯತೆಗಳಿದ್ದವು. ಕೇಳಿದವರಿಗೆ ಇದು ಮುಗಿಯದ ಲೆಕ್ಕ ಎನಿಸೀತು. 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್.ಎಸ್.ಎ. ಪ್ರಯೋಗಾಲಯದ ಸಂಶೋಧಕರು ಅದನ್ನು ಒಂದು ಗಂಟೆಯೊಳಗೆ ಬಿಡಿಸಿದರು. ಅಂದಿನಿಂದ ಗುಟ್ಟಿನ ಅಂಕಿಗಳು ಉದ್ದವಾಗುತ್ತ ಬಂದಿವೆ. ಕಾರು ಹಳೆಯದಾದಂತೆ ಅದರ ಗುಟ್ಟೂ ಹಳೆಯದಾಗುತ್ತದೆ ಎಂಬುದನ್ನು ಮಾತ್ರ ನಾವು ನೆನಪಿಡಬೇಕು.

ಗುಂಡಿ ಒತ್ತಿ ಬಾಗಿಲು ಹಾಕುವವರಿಗೂ ಒಂದು ಎಚ್ಚರಿಕೆ ಇದೆ. ಕೀಲಿಕೈಯ ಸಂಕೇತ ಕಾರಿಗೆ ಮುಟ್ಟದಂತೆ ಗದ್ದಲ ಎಬ್ಬಿಸುವ ಸಾಧನಗಳಿವೆ. ಗುಂಡಿ ಒತ್ತಿ ತಿರುಗಿ ನೋಡದೆ ಹೊರಟವನ ಕಾರು ತೆರೆದೇ ಉಳಿಯುತ್ತದೆ. ದೀಪ ಮಿನುಗಿತೋ ನೋಡಿ, ಬಾಗಿಲಿನ ಹಿಡಿಯನ್ನು ಒಮ್ಮೆ ಕೈಯಿಂದ ಎಳೆದು ನೋಡಿ ಮುಂದೆ ಹೋಗತಕ್ಕದ್ದು.

ಜೇಬಿನಿಂದ ತೆಗೆಯದ ಕೀಲಿಕೈ

ಕೀಲಿಕೈ ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆರೆದು ಗುಂಡಿ ಒತ್ತಿದೊಡನೆ ಕಾರು ಹೊರಡುತ್ತದೆ ಎಂಬ ಏರ್ಪಾಡು ಈಗ ಸಾಧಾರಣ ಬೆಲೆಯ ಕಾರುಗಳಿಗೂ ಬಂದಿದೆ. ಕೀಲಿಕೈ ಹತ್ತಿರವಿದ್ದಾಗ ಮಾತ್ರ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಕಾರು ಅದನ್ನು ಕರೆಯುತ್ತದೆ. ಓಗೊಟ್ಟರೆ ಒಡೆಯನು ಹತ್ತಿರದಲ್ಲೇ ಇದ್ದಾನೆಂದು ನಂಬುತ್ತದೆ. ಈ ನಂಬಿಕೆಯಲ್ಲಿಯೇ ಬಿರುಕು ಇದೆ. ಕಳ್ಳರು ಇಬ್ಬರು ಬರುತ್ತಾರೆ. ಒಬ್ಬನು ಕಾರಿನ ಬಳಿ, ಇನ್ನೊಬ್ಬನು ಮನೆಯ ಗೋಡೆಯ ಬಳಿ ನಿಲ್ಲುತ್ತಾನೆ. ಇಬ್ಬರ ಕೈಯಲ್ಲಿರುವ ಪೆಟ್ಟಿಗೆಗಳು ಕಾರಿನ ಕರೆಯನ್ನು ಒಳಗೆ ಮೊಳೆಗೆ ತೂಗುಹಾಕಿದ ಕೀಲಿಕೈಗೂ, ಅದರ ಉತ್ತರವನ್ನು ಕಾರಿಗೂ ಮುಟ್ಟಿಸುತ್ತವೆ. ಗುಟ್ಟನ್ನು ಯಾರೂ ಒಡೆಯಲಿಲ್ಲ. ಮಾತನ್ನು ದೂರಕ್ಕೆ ಸಾಗಿಸಿದರು, ಅಷ್ಟೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಾಂತ್ರಿಕ ವಿಶ್ವವಿದ್ಯಾಲಯದವರು 8 ಕಂಪನಿಗಳ 10 ಮಾದರಿಗಳನ್ನು ಹೀಗೆ ತೆರೆದು ಹೊರಡಿಸಿ, 2011ರಲ್ಲಿ ಆ ವಿವರವನ್ನು ಪ್ರಕಟಿಸಿದರು.

ಇದಕ್ಕೆ ಪರಿಹಾರ ಸುಲಭ. ಮನೆಗೆ ಬಂದೊಡನೆ ಕೀಲಿಕೈಯನ್ನು ಬಾಗಿಲ ಬಳಿಯ ಮೊಳೆಗೆ ಹಾಕದೆ, ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿ ಒಳಕೋಣೆಯಲ್ಲಿಡಿರಿ. ಲೋಹವು ಸಂಕೇತವನ್ನು ತಡೆಯುತ್ತದೆ. ಡಬ್ಬಿ ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸಲು, ಕೀಲಿಕೈಯನ್ನು ಅದರಲ್ಲಿ ಹಾಕಿ ಮುಚ್ಚಿ ಕಾರಿನ ಪಕ್ಕದಲ್ಲಿ ನಿಂತು ಬಾಗಿಲು ತೆರೆದು ನೋಡಿರಿ. ತೆರೆಯಿತೆಂದರೆ ಬೇರೆ ಡಬ್ಬಿ ಹುಡುಕಿರಿ. ಎರಡನೆಯ ಕೀಲಿಕೈಗೂ ಇದೇ ನಿಯಮ. ಕೆಲವು ಕಾರುಗಳಲ್ಲಿ ಈ ಏರ್ಪಾಡನ್ನು ನಿಲ್ಲಿಸಿಡಲು ಬರುತ್ತದೆ. ಕೈಪಿಡಿ ಓದಿಸಿ ತಿಳಿದುಕೊಳ್ಳಿರಿ. ಸಂಕೇತವು ಬಂದು ಹೋದ ಕಾಲವನ್ನು ಅಳೆದು ಕೀಲಿಕೈಯ ನಿಜವಾದ ದೂರವನ್ನು ತಿಳಿಯುವ ಹೊಸ ಬಗೆಯ ಕೀಲಿಕೈಗಳು 2018ರಿಂದ ಕೆಲವು ಬೆಲೆಬಾಳುವ ಕಾರುಗಳಲ್ಲಿ ಬಂದಿವೆ. ಅವುಗಳ ಮುಂದೆ ಈ ಮೋಸ ಸುಲಭವಾಗಿ ನಡೆಯದು.

ಕೀಲಿಕೈಯ ಗೊಡವೆಗೇ ಹೋಗದ ಕಳ್ಳರೂ ಇದ್ದಾರೆ. 2022ರಲ್ಲಿ ಲಂಡನ್ನಿನ ಒಬ್ಬ ತಜ್ಞನ ಕಾರೇ ಕಳುವಾಯಿತು. ಮುಂದಿನ ದೀಪದ ತಂತಿಯ ಮೂಲಕ ಕಾರಿನ ಒಳಗಿನ ಸಂದೇಶಗಳ ಜಾಲಕ್ಕೆ ಸೇರಿಕೊಂಡು, ಕೀಲಿಕೈ ಸರಿಯಾಗಿದೆ ಎಂಬ ಸುಳ್ಳು ಸಂದೇಶವನ್ನು ಕಳಿಸುವ ವಿಧಾನ ಬಳಕೆಯಲ್ಲಿದೆಯೆಂದು 2023ರಲ್ಲಿ ಆತನೂ ಆತನ ಸಂಗಡಿಗನೂ ಬಯಲಿಗಿಟ್ಟರು. ಎಷ್ಟೇ ಜಾಣ ಕೀಲಿಕೈ ಇದ್ದರೂ, ಕಣ್ಣಿಗೆ ಕಾಣುವ ಒಂದು ಕಬ್ಬಿಣದ ತಡೆ, ಕಣ್ಣಿಗೆ ಕಾಣದ ಒಂದು ಸ್ವಿಚ್ಚು ಜೊತೆಗಿರಬೇಕೆಂದು ನಾವು ಹೇಳುವುದು ಇದಕ್ಕೇ.

ಗಾಡಿ ಹೋದರೆ ಏನು ಮಾಡತಕ್ಕದ್ದು

ಇಷ್ಟು ಮಾಡಿಯೂ ಗಾಡಿ ಹೋಯಿತೆನ್ನಿ. ಆಗ ಹೊತ್ತು ಬಹು ಬೆಲೆಯುಳ್ಳದ್ದು. ಕೂಡಲೇ 112ಕ್ಕೆ ಫೋನು ಮಾಡಿ, ಪೋಲೀಸು ಠಾಣೆಗೆ ಹೋಗಿ ದೂರು ಬರೆಸಿರಿ. ಇಲ್ಲಿ ಗಡಿಯ ಜನ ಅವಶ್ಯ ತಿಳಿಯಬೇಕಾದ ಸಂಗತಿ ಒಂದಿದೆ. ಸಂತೆಗೆಂದು ವಿಜಯಪುರಕ್ಕೆ ಹೋದಾಗ ಗಾಡಿ ಕಳುವಾದರೆ ಹದ್ದು ಯಾರದು ಎಂಬ ಪ್ರಶ್ನೆಯಲ್ಲಿ ಅಲೆದಾಡುವ ಕಾರಣವಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಕೃತ್ಯ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಬಾಯಿಮಾತಿನಲ್ಲಿ ಹೇಳಿದರೆ ಬರೆದುಕೊಂಡು ನಿಮಗೆ ಓದಿ ಹೇಳಬೇಕು. ವಿದ್ಯುನ್ಮಾನದ ಮೂಲಕ ಕಳಿಸಿದರೆ 3 ದಿನದೊಳಗೆ ಸಹಿ ಹಾಕಬೇಕು. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ ಬರೆದುಕೊಳ್ಳದಿದ್ದರೆ ಜಿಲ್ಲಾ ಪೋಲೀಸು ವರಿಷ್ಠರಿಗೆ ಅಂಚೆಯಲ್ಲಿ ಕಳಿಸುವ ಹಕ್ಕಿದೆ.

ನಮ್ಮ ಕಡೆ ದೂರು ಮರಾಠಿಯಲ್ಲಿ ಬರೆಯುತ್ತಾರೆ. ಮಾತನಾಡಲು ಬಂದರೂ ಓದಲು ಬಾರದ ಕನ್ನಡಿಗರು ಬಹಳ. ಸಂಕೋಚಪಡದೆ ಪೂರ್ತಿ ಓದಿಸಿ ಕೇಳಿರಿ. ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಕಳುವಾದ ಹೊತ್ತು ಇವು ಸರಿಯಿವೆಯೋ ನೋಡಿ ಆ ಮೇಲೆ ಹೆಬ್ಬೆಟ್ಟು ಅಥವಾ ಸಹಿ ಹಾಕಿರಿ. ಒಂದು ಅಂಕಿ ತಪ್ಪಿದರೂ ವಿಮೆಯವರ ಮುಂದೆ ತಿಂಗಳುಗಟ್ಟಲೆ ಅಲೆಯಬೇಕಾದೀತು. ಈ ಅಂಕಿಗಳನ್ನೂ ಗಾಡಿಯ ನಾಲ್ಕು ಬದಿಯ ಚಿತ್ರಗಳನ್ನೂ ಇಂದೇ ತೆಗೆದು, ಗಾಡಿಯಲ್ಲಿ ಅಲ್ಲ, ಮನೆಯಲ್ಲಿಡಿರಿ.

ಅದೇ ದಿನ ವಿಮಾ ಕಂಪನಿಗೂ ಸಾಲ ಕೊಟ್ಟ ಬ್ಯಾಂಕಿಗೂ ಬರಹದಲ್ಲಿ ತಿಳಿಸಿರಿ. ಮೂರನೆಯವರ ಹಾನಿಗೆ ಮಾತ್ರ ಇರುವ ಅಗ್ಗದ ವಿಮೆಯಿಂದ ಕಳವಿಗೆ ಕಾಸೂ ಬಾರದು. ಗಾಡಿಗೂ ಸೇರಿದ ಪೂರ್ಣ ವಿಮೆಯೇ ಬೇಕು. ಟ್ರೇಲರಿನ ಹೆಸರು ಪಾಲಿಸಿಯಲ್ಲಿ ಇದೆಯೋ ಇಲ್ಲವೋ ನೋಡಿರಿ. ಪರಿಹಾರ ಕೇಳುವಾಗ ವಿಮೆಯವರು ಗಾಡಿಯ ಎರಡೂ ಕೀಲಿಕೈಗಳನ್ನು ಕೇಳುತ್ತಾರೆ. ಎರಡನೆಯ ಕೀಲಿಕೈ ಕಳೆದಿದ್ದರೆ ಅದು ಕಳೆದ ದಿನವೇ ಬರಹದಲ್ಲಿ ತಿಳಿಸಿಟ್ಟಿರುವುದು ಕ್ಷೇಮ. ಗಾಡಿ ಪತ್ತೆಯಾಗಲಿಲ್ಲವೆಂಬ ಪೋಲೀಸರ ಅಂತಿಮ ವರದಿಯೂ ಬೇಕಾಗುತ್ತದೆ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ರೈತರಿಗೆ ಉಪಯುಕ್ತವಾಗಿವೆ. ಒಬ್ಬನ ಟ್ರ್ಯಾಕ್ಟರು 2010ರಲ್ಲಿ ಕಳುವಾಯಿತು. ಪೋಲೀಸರಿಗೆ ಅದೇ ದಿನ ದೂರು ಕೊಟ್ಟಿದ್ದನು. ವಿಮೆಯವರಿಗೆ ತಿಳಿಸಿದ್ದು 52 ದಿನ ತಡವಾಗಿ. ಕಂಪನಿ ಹಣ ಕೊಡಲಿಲ್ಲ. ಪೋಲೀಸರಿಗೆ ಕೂಡಲೇ ತಿಳಿಸಿದ್ದು ಕಳವು ನಿಜವೆಂಬುದಕ್ಕೆ ಆಧಾರ, ವಿಮೆಯವರಿಗೆ ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಬೇಡಿಕೆಯನ್ನು ತಳ್ಳಬಾರದೆಂದು 2020ರ ಜನವರಿಯಲ್ಲಿ ಕೋರ್ಟು ಹೇಳಿತು. ಇನ್ನೊಂದರಲ್ಲಿ ಚಾಲಕನು ಕೀಲಿಕೈಯನ್ನು ಲಾರಿಯಲ್ಲಿಯೇ ಬಿಟ್ಟು ದಾರಿ ಕೇಳಲು ಇಳಿದಿದ್ದನು. ಅಷ್ಟರಲ್ಲಿ ಲಾರಿ ಹೋಯಿತು. 2023ರಲ್ಲಿ ಕೋರ್ಟು ವಿಮೆಯ ಹಣದಲ್ಲಿ ನೂರಕ್ಕೆ 75ರಷ್ಟನ್ನು ಕೊಡಿಸಿತು. ಅದೂ ವರ್ಷಗಳ ಹೋರಾಟದ ನಂತರ. ಕೀಲಿಕೈ ಗಾಡಿಯಲ್ಲಿ ಬಿಟ್ಟುದರ ಬೆಲೆ ಎಷ್ಟೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಹಳೆಯ ಗಾಡಿ ಕೊಳ್ಳುವವರಿಗೆ

ಗಡಿಯ ಆಚೆಯಿಂದ ಅಗ್ಗವಾಗಿ ಬಂತೆಂದು ಕಾಗದವಿಲ್ಲದ ಗಾಡಿ ಕೊಳ್ಳುವವರು ಕಳ್ಳನಿಗೆ ಗಿರಾಕಿಗಳಾಗುತ್ತಾರೆ. ಕೊಳ್ಳುವವನಿಲ್ಲದಿದ್ದರೆ ಕದಿಯುವವನೂ ಇಲ್ಲ. ಕಳವಿನ ಮಾಲೆಂದು ತಿಳಿದೂ ಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 3 ವರ್ಷದ ವರೆಗೆ ಸೆರೆಮನೆ ಇದೆ. ಆದುದರಿಂದ ಚಾಸಿಯ ಮೇಲಿನ ಅಂಕಿಯನ್ನು ನೋಂದಣಿ ಪುಸ್ತಕದೊಡನೆ ನೀವೇ ತಾಳೆ ನೋಡಿರಿ. ಉಜ್ಜಿದ, ಬೆಸುಗೆ ಹಾಕಿದ ಗುರುತು ಕಂಡರೆ ದೂರ ಸರಿಯಿರಿ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಕಡ್ಡಾಯವಾದ ಭದ್ರತೆಯ ನಂಬರು ಫಲಕದಲ್ಲಿ ಅಶೋಕಚಕ್ರದ ಮಿನುಗುವ ಮುದ್ರೆ, ಲೇಸರಿನಿಂದ ಕೊರೆದ ಸಂಖ್ಯೆ, ಒಮ್ಮೆ ಕೂರಿಸಿದರೆ ಮುರಿಯದೆ ಕಳಚದ ಮೊಳೆ ಇರುತ್ತವೆ. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. 12 ತಿಂಗಳಿಗೆ ಮೀರಿ ಇಲ್ಲಿಟ್ಟುಕೊಂಡರೆ ಇಲ್ಲಿಯ ಹೊಸ ಸಂಖ್ಯೆ ಪಡೆಯಬೇಕು. ಕೊಂಡ ಮೇಲೆ ಟ್ರ್ಯಾಕ್ಟರಿಗೂ ಮೋಟಾರು ಸೈಕಲ್ಲಿಗೂ ಕೀಲಿಯನ್ನೇ ಬದಲಿಸಿರಿ. ಚಿಪ್ಪಿನ ಕೀಲಿಕೈಯ ಕಾರಾದರೆ ಕಂಪನಿಯ ಕಾರ್ಯಾಗಾರದಲ್ಲಿ ಹಳೆಯ ಕೀಲಿಕೈಗಳ ಗುರುತನ್ನು ಅಳಿಸಿ, ನಿಮ್ಮ ಕೈಯಲ್ಲಿರುವವನ್ನು ಮಾತ್ರ ಉಳಿಸಲು ಹೇಳಿರಿ. ಹಿಂದಿನವನ ಮನೆಯಲ್ಲಿ ಎಷ್ಟು ಕೀಲಿಕೈ ಉಳಿದಿವೆ ಎಂಬುದು ನಿಮಗೆ ತಿಳಿಯುವುದಿಲ್ಲವಷ್ಟೆ.

ಒಟ್ಟಿನಲ್ಲಿ ಕಳ್ಳನಿಗೆ ಬೇಕಾದುದು ಎರಡು: ಹೊತ್ತು ಮತ್ತು ಕತ್ತಲೆ. ಸರಪಳಿ, ಸ್ವಿಚ್ಚು, ಮುಚ್ಚಿದ ನಲ್ಲಿ ಇವು ಅವನ ಹೊತ್ತನ್ನು ತಿನ್ನುತ್ತವೆ. ಅಂಗಳದ ದೀಪ, ನಾಯಿ, ನೆರೆಯವರ ಎಚ್ಚರ ಇವು ಕತ್ತಲೆಯನ್ನು ಕಳೆಯುತ್ತವೆ. ಕಬ್ಬಿನ ಹಂಗಾಮಿನಲ್ಲಿ ಕಾರಖಾನೆಯ ಮುಂದೆ ರಾತ್ರಿ ಸರದಿಗೆ ನಿಲ್ಲುವ ಗಾಡಿಗಳವರು ಒಬ್ಬೊಬ್ಬರೇ ಮಲಗದೆ, ನಾಲ್ಕಾರು ಗಾಡಿಯವರು ಕೂಡಿ ಪಾಳಿಯ ಮೇಲೆ ಎಚ್ಚರವಿದ್ದರೆ ಪ್ರತಿಯೊಬ್ಬರಿಗೂ ನಿದ್ದೆಯೂ ಸಿಕ್ಕೀತು, ಗಾಡಿಯೂ ಉಳಿದೀತು. ಈ ಲೇಖನವನ್ನು ಓದಿ ಮುಗಿಸಿದ ರೈತ ಬಂಧುಗಳು ಒಂದು ಕೆಲಸವನ್ನು ನಾಳೆಗೆ ಬಿಡದಿರಲಿ. ಇಂದು ಸಂಜೆಯೇ ಎರಡನೆಯ ಕೀಲಿಕೈ ಎಲ್ಲಿದೆಯೆಂದು ಹುಡುಕಿರಿ. ಚಾಸಿಯ ಅಂಕಿಯನ್ನು ಮನೆಯ ಲೆಕ್ಕದ ವಹಿಯಲ್ಲಿ ಬರೆದಿಡಿರಿ.